ಹುರುಳಿಯನ್ನು ಬರಗಾಲದ ಪಟ್ಟಿಯಿಂದ ಹೊರಗೆ ತನ್ನಿ

ಮಾನ್ಯ ಕೃಷಿ ಸಚಿವರಿಗೆ ಹಾಗೂ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ವಿಷಯ: ಹುರುಳಿ ಬಿತ್ತನೆ ಬೀಜ ಹಾಗೂ ತಳಿ ಅಭಿವೃದ್ಧಿಯ ಬಗ್ಗೆ ಮಳೆಯಾಶ್ರಿತ ರೈತನ ಅಹವಾಲು.

ಮುಂಗಾರು ಕೈಕೊಟ್ಟ ವರ್ಷ ಆಗಸ್ಟ್ ಅರ್ಧ ಕಳೆಯುವಷ್ಟರಲ್ಲಿ ಪತ್ರಿಕೆಗಳಲ್ಲಿ ಒಂದು ಪ್ರಕಟಣೆ ಬರುತ್ತದೆ. ರಾಗಿ, ಶೇಂಗಾ ಬಿತ್ತಲಾಗದ ರೈತರು ಎದೆಗುಂದಬೇಕಿಲ್ಲ, ಪರ್ಯಾಯ ಬೆಳೆಯಾಗಿ ಹುರುಳಿ ಹಾಕಬಹುದು, ಎಕರೆಗೆ 10ರಿಂದ 12 ಕಿಲೋ ಬೀಜ ಸಾಕು, ಇತ್ಯಾದಿ. ಸಲಹೆ ಸರಿಯಾಗಿಯೇ ಇದೆ. ಪುಬ್ಬೆಯಲ್ಲೋ ಉತ್ತರೆಯಲ್ಲೋ ಒಂದು ಹದ ಮಳೆ ಬಿದ್ದರೆ ಸಾಕು, ನಮ್ಮ ಕಲ್ಲುಮಿಶ್ರಿತ ಕೆಂಪು ನೆಲದಲ್ಲಿ ಮೊಳೆತು, ಆಮೇಲೆ ಇಬ್ಬನಿಯನ್ನೇ ನೆಚ್ಚಿಕೊಂಡು ಕಾಯಿ ಕಟ್ಟುವ ಇನ್ನೊಂದು ಕಾಳು ನನಗೆ ಗೊತ್ತಿಲ್ಲ. ನನ್ನ ತಕರಾರು ಇರುವುದು ಅದೇ ಪ್ರಕಟಣೆಯ ಕೊನೆಯ ಸಾಲಿನ ಬಗ್ಗೆ: ಬೀಜಕ್ಕಾಗಿ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಆ ವರ್ಷ ನಮ್ಮ ಹೋಬಳಿಯ ಕೇಂದ್ರದ ಮುಂದೆ ಪಹಣಿ, ಆಧಾರ್ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಒಳಗೆ ಮುಸುಕಿನ ಜೋಳದ ಚೀಲಗಳಿದ್ದವು, ತೊಗರಿ ಇತ್ತು, ಸೂಕ್ಷ್ಮ ಪೋಷಕಾಂಶದ ಡಬ್ಬಿಗಳು ಗೋಡೆಯುದ್ದಕ್ಕೂ ಇದ್ದವು. ಹುರುಳಿ ಮಾತ್ರ 'ಇಂಡೆಂಟ್ ಹೋಗಿದೆ, ಸ್ಟಾಕ್ ಬಂದಿಲ್ಲ'. ಅಲ್ಲಿದ್ದ ಹುಡುಗ ಮರ್ಯಾದಸ್ಥ, ಎಲ್ಲರ ಫೋನ್ ನಂಬರ್ ಬರೆದುಕೊಂಡ. ಹಸ್ತ ಮಳೆಯೂ ಮುಗಿದ ಮೇಲೆ ಫೋನ್ ಮಾಡಿದ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಷ್ಟರಲ್ಲಿ ನಾವೆಲ್ಲ ಸಂತೆಯಲ್ಲಿ ಸಾರಿಗೆಂದು ಮಾರುವ ಹುರುಳಿಯನ್ನೇ ಕೊಂಡು ಚೆಲ್ಲಿ ಕುಂಟೆ ಹೊಡೆದಾಗಿತ್ತು. ಯಾವ ಜಿಲ್ಲೆಯದೋ, ಎಷ್ಟು ವರ್ಷದ ಹಿಂದಿನದೋ ಆ ಕಾಳು. ಅರ್ಧ ಹೊಲ ಹೂವಿನಲ್ಲಿದ್ದಾಗ ಇನ್ನರ್ಧ ಕಾಯಿ ಸಿಡಿಸುತ್ತಿತ್ತು.

ಆ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ತಪ್ಪು ಲೆಕ್ಕಾಚಾರದಲ್ಲಿದೆ. ವಿಜ್ಞಾನಿಯ ಕೈಯಲ್ಲಿರುವ ಹಿಡಿಯಷ್ಟು ಶುದ್ಧ ಬೀಜ ತಳಿವರ್ಧಕ ಬೀಜವಾಗಿ, ಅದು ಮೂಲ ಬೀಜವಾಗಿ, ಅದು ಪ್ರಮಾಣಿತ ಬೀಜವಾಗಿ ನಮ್ಮ ಚೀಲಕ್ಕೆ ಬರಲು ಒಂದೊಂದು ಹಂತಕ್ಕೂ ಒಂದೊಂದು ಹಂಗಾಮು ಬೇಕು. ಅಂದರೆ ಈ ಆಗಸ್ಟಿನಲ್ಲಿ ನನಗೆ ಸಿಗಬೇಕಾದ ಹುರುಳಿಯನ್ನು ಯಾರೋ ಮೂರು ವರ್ಷದ ಹಿಂದೆಯೇ ಬೇಕೆಂದು ಬರೆದಿರಬೇಕು. ಬೇಡಿಕೆಯ ಅಂದಾಜು ಕಟ್ಟುವುದು ಹಿಂದಿನ ವರ್ಷಗಳ ಮಾರಾಟ ನೋಡಿಕೊಂಡು. ಮಳೆ ಚೆನ್ನಾಗಿ ಬಂದ ವರ್ಷ ಹುರುಳಿ ಕೇಳುವವರು ಕಡಿಮೆ, ಆದ್ದರಿಂದ ಅಂದಾಜಿನಲ್ಲೂ ಕಡಿಮೆ, ಆದ್ದರಿಂದ ಮಳೆ ಹೋದ ವರ್ಷ ಬೀಜವೇ ಇಲ್ಲ. ಬರಗಾಲಕ್ಕೆಂದೇ ಮೀಸಲಿಟ್ಟ ಬೆಳೆಯ ಬೀಜವನ್ನು ಸುಗ್ಗಿ ವರ್ಷದ ಲೆಕ್ಕದಲ್ಲಿ ತಯಾರಿಸುವ ಪದ್ಧತಿ ಇದು. ಪ್ರತಿ ಜಿಲ್ಲೆಗೂ ಆಕಸ್ಮಿಕ ಬೆಳೆ ಯೋಜನೆ ಎಂಬ ದಪ್ಪ ಪುಸ್ತಕ ಇದೆ. ಮಳೆ ಇಂತಿಷ್ಟು ವಾರ ತಡವಾದರೆ ಇಂತಿಂಥ ಬೆಳೆ ಎಂದು ಅದರಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಾರೆ. ಆ ಬೆಳೆಯ ಬೀಜ ಯಾವ ಗೋದಾಮಿನಲ್ಲಿ ಕಾಯುತ್ತಿರಬೇಕು ಎಂಬುದನ್ನೂ ಅಷ್ಟೇ ಅಚ್ಚುಕಟ್ಟಾಗಿ ಬರೆದಿದ್ದರೆ ಈ ಪತ್ರದ ಅರ್ಧ ಭಾಗ ಬೇಕಿರಲಿಲ್ಲ.

ಉಳಿದರ್ಧ ಬೇಕೇ ಬೇಕು. ಬೀಜ ಹೊತ್ತಿಗೆ ಸರಿಯಾಗಿ ಬಂತೆಂದೇ ಇಟ್ಟುಕೊಳ್ಳೋಣ. ಯಾವ ಬೀಜ?

ಡಿಸೆಂಬರ್ ತಿಂಗಳಲ್ಲಿ ಒಮ್ಮೆ ಹುರುಳಿ ಹೊಲಕ್ಕೆ ಬನ್ನಿ. ಬೆಳಕು ಹರಿಯುವ ಮೊದಲೇ ಬರಬೇಕು, ಯಾಕೆಂದರೆ ನಾವು ಹುರುಳಿ ಕೀಳುವುದು ಇಬ್ಬನಿ ಆರುವುದರೊಳಗೆ. ಬಿಸಿಲು ಏರಿದರೆ ಒಣಗಿದ ಕಾಯಿ ಮುಟ್ಟಿದಲ್ಲೆಲ್ಲ ಚಟ್ಟೆಂದು ಸಿಡಿದು ಕಾಳು ನೆಲ ಸೇರುತ್ತದೆ. ಒಂದು ಬಳ್ಳಿಯನ್ನು ಬಿಡಿಸಿ ಅಂಗೈ ಮೇಲೆ ಹಾಕಿಕೊಂಡು ನೋಡಿ. ಬುಡದ ಕಾಯಿಗಳು ಒಣಗಿ, ಕೆಲವು ಆಗಲೇ ಬಾಯಿ ಬಿಟ್ಟಿರುತ್ತವೆ. ನಡುವಿನವು ಹಸಿರಾಗಿ ಚಪ್ಪಟೆಯಾಗಿರುತ್ತವೆ. ತುದಿಯಲ್ಲಿ ಇನ್ನೂ ಮಾಸಲು ಹಳದಿ ಹೂವು. ತುದಿಯನ್ನು ಕಾಯ್ದರೆ ಬುಡ ಉದುರುತ್ತದೆ, ಬುಡವನ್ನು ಉಳಿಸಿಕೊಳ್ಳಲು ಹೊರಟರೆ ತುದಿ ಜೊಳ್ಳು. ಪಕ್ಕದ ಗಿಡಕ್ಕೆ ಸುತ್ತಿಕೊಂಡು ನೆಲದ ಮೇಲೆ ಹರಡುವುದರಿಂದ ಯಂತ್ರ ಇಳಿಸುವ ಮಾತೇ ಇಲ್ಲ. ಎಲ್ಲವನ್ನೂ ಆಳು ಹಚ್ಚಿ ಬುಡಸಮೇತ ಕಿತ್ತು, ಮೆದೆ ಹಾಕಿ ಒಣಗಿಸಿ, ಕಣದಲ್ಲಿ ತುಳಿಸಬೇಕು. ಕಣ ಎಂದೆನಲ್ಲ, ಈಗ ಕಣವೆಂದರೆ ಡಾಂಬರು ರಸ್ತೆಯೇ. ಬಸ್ಸು ಲಾರಿಗಳೇ ನಮ್ಮ ರೋಣಗಲ್ಲು. ಅಪಾಯವೆಂದು ಪೊಲೀಸರು ಬೈಯುತ್ತಾರೆ, ಬೈಯಬೇಕಾದ್ದೇ. ಇಷ್ಟೆಲ್ಲ ಮಾಡಿ ಎಕರೆಗೆ ಎರಡು, ಎರಡೂವರೆ ಕ್ವಿಂಟಲ್ ಸಿಕ್ಕರೆ ಅದು ಒಳ್ಳೆಯ ವರ್ಷ.

ಇನ್ನೂ ಒಂದು ತೊಡಕಿದೆ. ಹಗಲು ಕಿರಿದಾಗದೆ ಈ ಬೆಳೆ ಹೂ ಬಿಡುವುದಿಲ್ಲ. ಜೂನಿನಲ್ಲಿ ಒಳ್ಳೆ ಮಳೆ ಬಂತೆಂದು ಬಿತ್ತಿದರೆ ಮೊಣಕಾಲುದ್ದ ಸೊಂಪಾದ ಬಳ್ಳಿ ಸಿಗುತ್ತದೆ, ದನಗಳಿಗೆ ಹಬ್ಬ. ಸಾಲದ್ದಕ್ಕೆ ಬಿಳಿನೊಣ ಹೊತ್ತು ತರುವ ಹಳದಿ ನಂಜು. ಹುರುಳಿಯ ಹೆಸರನ್ನೇ ಇಟ್ಟಿರುವ ಒಂದು ವೈರಾಣು ನಮ್ಮ ದಕ್ಷಿಣ ಭಾರತದಲ್ಲಿದೆ, ಹುರುಳಿಕಾಯಿ ಬೀನ್ಸ್ ತೋಟಗಳನ್ನೂ ಅದು ಬಿಡುವುದಿಲ್ಲ.

ಇವು ದೈವ ಕೊಟ್ಟ ದೋಷಗಳಲ್ಲ. ಕಾಯಿ ಸಿಡಿಯುವುದು, ಹಬ್ಬಿ ಬೆಳೆಯುವುದು, ಒಂದೇ ಸಲ ಮಾಗದಿರುವುದು, ಹಗಲಿನ ಉದ್ದಕ್ಕೆ ಕಟ್ಟುಬೀಳುವುದು, ಎಲ್ಲವೂ ಕಾಡುಗಿಡದ ಗುಣಗಳು. ಹೆಸರು, ಉದ್ದು, ಸೋಯಾ ಬೆಳೆಗಳಲ್ಲಿ ತಳಿ ವಿಜ್ಞಾನಿಗಳು ಇವನ್ನು ಒಂದೊಂದಾಗಿ ತಗ್ಗಿಸಿದ್ದಾರೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಹೆಬ್ಬಾಳದಲ್ಲೇ ಇದಕ್ಕೆ ಸಾಕ್ಷಿ ಇದೆ. ಅವರೆಯೂ ಹುರುಳಿಯ ಹಾಗೆ ಹಗಲು ಕಿರಿದಾಗುವುದನ್ನು ಕಾಯುವ ಬಳ್ಳಿಯೇ ಆಗಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ತಂದರು. ಗಿಡ್ಡ ಗಿಡ, ಗೊಂಚಲು ಎಲೆಯ ಮೇಲಕ್ಕೆ ನಿಲ್ಲುತ್ತದೆ, ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿ ಬಿಡುತ್ತದೆ. ಚಳಿಗಾಲದ ಅವರೆಯ ಸೊಗಡು ಇದಕ್ಕಿಲ್ಲ ಎಂದು ನಮ್ಮ ಮನೆಯವರು ಇವತ್ತಿಗೂ ಮೂಗು ಮುರಿಯುತ್ತಾರೆ, ಅವರ ಮಾತೂ ನಿಜವೇ. ಆದರೂ ಬೇಸಿಗೆಯಲ್ಲಿ ಪೇಟೆಯಲ್ಲಿ ಅವರೆಕಾಯಿ ಸಿಗುವುದು ಆ ಕೆಲಸದಿಂದ. ಅವರೆಗೆ ಆದದ್ದು ಹುರುಳಿಗೆ ಯಾಕಾಗಬಾರದು?

ಕಷ್ಟ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಹುರುಳಿಯ ಹೂವು ಅರಳುವ ಮೊದಲೇ ಒಳಗೊಳಗೇ ಪರಾಗಸ್ಪರ್ಶ ಮುಗಿಸಿಬಿಡುತ್ತದೆ. ಎರಡು ತಳಿಗಳನ್ನು ಕೂಡಿಸಬೇಕೆಂದರೆ ಅದಕ್ಕೂ ಮುಂಚೆ, ಅಕ್ಕಿಕಾಳಿಗಿಂತ ತುಸು ದೊಡ್ಡದಿರುವ ಮೊಗ್ಗನ್ನು ಚಿಮುಟದಲ್ಲಿ ಬಿಡಿಸಿ, ಕೇಸರಗಳನ್ನು ಒಂದೊಂದಾಗಿ ತೆಗೆದು, ಬೇರೆ ಗಿಡದ ಪರಾಗ ಸವರಬೇಕು. ಕೈ ಸ್ವಲ್ಪ ಒರಟಾದರೆ ಮೊಗ್ಗೇ ಕಳಚಿ ಬೀಳುತ್ತದೆ. ಉಳಿದವುಗಳಲ್ಲೂ ಕಾಯಿ ಕಚ್ಚುವುದು ಕೆಲವೇ. ಈ ತಾಪತ್ರಯದಿಂದಲೇ ಹುರುಳಿಯಲ್ಲಿ ಬಿಡುಗಡೆಯಾದ ತಳಿಗಳಲ್ಲಿ ಬಹುಪಾಲು ನಾಡತಳಿಗಳಿಂದಲೇ ಆರಿಸಿ ತೆಗೆದವು, ಇಲ್ಲವೇ ಬೀಜಕ್ಕೆ ಗಾಮಾ ಕಿರಣ ಹಾಯಿಸಿ ಪಡೆದವು. ಕಿರಣ ಹಾಯಿಸಿದರೆ ಒಂದು ಗುಣ ಬದಲಾಗಬಹುದು. ಒಂದು ಊರಿನ ಹುರುಳಿಯ ನಂಜು ತಡೆಯುವ ಶಕ್ತಿಯನ್ನೂ ಇನ್ನೊಂದು ಊರಿನದರ ಬೇಗ ಮಾಗುವ ಗುಣವನ್ನೂ ಒಂದೇ ಗಿಡಕ್ಕೆ ತರಬೇಕಾದರೆ ಆ ಮೊಗ್ಗಿನ ಮುಂದೆ ಕೂರುವುದೇ ದಾರಿ.

ಕೂತವನು ಬಹಳ ಕಾಲ ಕೂರಬೇಕು, ಅದೇ ಮುಖ್ಯ. ಕೂಡಿಸಿದ ಬೀಜದಿಂದ ಬಂದ ಮೊಮ್ಮಕ್ಕಳಲ್ಲಿ ಗುಣಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಅವುಗಳಲ್ಲಿ ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ತಳಿ ನಿಲ್ಲಲು ಆರೇಳು ತಲೆಮಾರು ಬೇಕು. ಹಗಲಿನ ಕಟ್ಟುಪಾಡಿನಿಂದಾಗಿ ಹೊಲದಲ್ಲಿ ವರ್ಷಕ್ಕೆ ಒಂದೇ ತಲೆಮಾರು. ಅದಾದ ಮೇಲೆ ನಾಲ್ಕಾರು ಕಡೆ ಪ್ರಯೋಗ, ಅದಕ್ಕೆ ಇನ್ನು ಮೂರು ವರ್ಷ. ಹತ್ತು ವರ್ಷದ ಕೆಲಸ ಇದು. ನಾವು ಕೊಡುತ್ತಿರುವುದೇನು? ಮೂರು ವರ್ಷದ ಯೋಜನೆ, ಗುತ್ತಿಗೆಯ ಸಂಶೋಧನಾ ಸಹಾಯಕ, ಅವಧಿ ಮುಗಿಯುವ ಮೊದಲೇ ವರ್ಗವಾಗುವ ವಿಜ್ಞಾನಿ. ಹೊಸಬರು ಬರುವಷ್ಟರಲ್ಲಿ ನಾಲ್ಕನೆಯ ತಲೆಮಾರಿನ ಬೀಜ ಲಕೋಟೆಗಳಲ್ಲಿ ಹುಳು ಹಿಡಿದಿರುತ್ತದೆ.

ಇಷ್ಟು ಬರೆಯಲು ಕಾರಣ, ಜ್ಞಾನದ ಕೊರತೆ ಎಂಬ ನೆಪ ಈಗ ಉಳಿದಿಲ್ಲ. ಹುರುಳಿಯ ಜೀನೋಮನ್ನು, ಅಂದರೆ ಅದರ ಹತ್ತು ಜೊತೆ ವರ್ಣತಂತುಗಳಲ್ಲಿ ಬರೆದಿರುವ ವಂಶವಾಹಿ ಬರಹವನ್ನು, 2021ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಓದಿ ಪ್ರಕಟಿಸಿದವು. ಒಂದು ಜಪಾನಿನ ಕಜುಸಾ ಡಿಎನ್‌ಎ ಸಂಸ್ಥೆ ಮತ್ತು ಹಿಮಾಚಲದ ಪಾಲಂಪುರ ಕೃಷಿ ವಿಶ್ವವಿದ್ಯಾಲಯದವರ ಕೆಲಸ. ಇನ್ನೊಂದರಲ್ಲಿ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳೇ ಇದ್ದಾರೆ. ಅವರು ಜೀನೋಮಿನ ಜೊತೆಗೆ ಹಲವು ಹುರುಳಿ ತಳಿಗಳ ಡಿಎನ್‌ಎ ಓದಿ ಒಂದರ ಜೊತೆ ಒಂದನ್ನು ಹೋಲಿಸಿದ್ದಾರೆ. ಇದು ಹೆಮ್ಮೆಯ ವಿಷಯ, ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಕಾಯಿ ಸಿಡಿಯುವ ಗುಣದ ಗುರುತು ಡಿಎನ್‌ಎಯಲ್ಲಿ ಎಲ್ಲಿದೆಯೆಂದು ಗೊತ್ತಾದರೆ ಸಸಿಯ ಎಲೆ ಚಿವುಟಿ ಪರೀಕ್ಷಿಸಿ ಬೇಡದ್ದನ್ನು ಅಲ್ಲೇ ಕಿತ್ತೆಸೆಯಬಹುದು, ಡಿಸೆಂಬರ್‌ವರೆಗೆ ಕಾಯಬೇಕಿಲ್ಲ. ಆದರೆ ಆ ಗುರುತು ಎಲ್ಲಿದೆ ಎಂದು ತಿಳಿಯುವುದು ಹೇಗೆ? ನೂರಾರು ತಳಿಗಳನ್ನು ಸಾಲುಸಾಲಾಗಿ ಬಿತ್ತಿ, ಯಾವುದು ಸಿಡಿಯಿತು, ಯಾವುದು ಎಷ್ಟು ದಿನಕ್ಕೆ ಹೂ ಬಿಟ್ಟಿತು, ಯಾವುದಕ್ಕೆ ನಂಜು ಬಂತು ಎಂದು ಹಲವು ಹಂಗಾಮು ಬರೆದಿಡಬೇಕು. ಅದು ಪ್ರಯೋಗಾಲಯದಲ್ಲಿ ಆಗುವ ಕೆಲಸವಲ್ಲ. ಪಾವಗಡ, ಚಳ್ಳಕೆರೆ, ಕೋಲಾರ, ಕೊಪ್ಪಳದ ಬಿಸಿಲಿನಲ್ಲಿ ಆಗಬೇಕಾದದ್ದು. ಯಂತ್ರದ ಭಾಗ ಮುಗಿದಿದೆ, ಬೆವರಿನ ಭಾಗಕ್ಕೆ ದುಡ್ಡಿಲ್ಲ.

ಆ ನೂರಾರು ತಳಿಗಳು ಎಲ್ಲಿವೆ ಎಂದು ಕೇಳಿದರೆ ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನತ್ತ ಕೈ ತೋರಿಸುತ್ತಾರೆ. ನಿಜ, ಅಲ್ಲಿ ಸಾವಿರಕ್ಕೂ ಮೀರಿ ಹುರುಳಿ ಮಾದರಿಗಳು ಮೈನಸ್ 18 ಡಿಗ್ರಿಯಲ್ಲಿ ಭದ್ರವಾಗಿವೆ. ಅವು ಹೇಗೆ ಅಲ್ಲಿಗೆ ಹೋಗುತ್ತವೆ ಎನ್ನುವುದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಜೀಪಿನಲ್ಲಿ ಬಂದು ಊರಿನಲ್ಲಿ ಹಳೆಯ ಬೀಜ ಯಾರಲ್ಲಿದೆ ಎಂದು ವಿಚಾರಿಸಿದರು. ನಮ್ಮಮ್ಮ ಬೂದಿ ಬೆರೆಸಿ ಗುಡಾಣದಲ್ಲಿ ಇಟ್ಟಿದ್ದ ಕರಿಹುರುಳಿಯನ್ನು ತೋರಿಸಿದೆವು. ಮಾಮೂಲಿ ಕಂದು ಹುರುಳಿಗಿಂತ ಅದು ಬೇಗ ಬರುತ್ತದೆ, ಕಟ್ಟು ಗಟ್ಟಿಯಾಗಿ ಇಳಿಯುತ್ತದೆ, ಹೆರಿಗೆಯಾದವರಿಗೆ ಅದನ್ನೇ ಬೇಯಿಸುತ್ತಾರೆ ಎಂದು ಅಮ್ಮ ಸಾವಕಾಶವಾಗಿ ಹೇಳುತ್ತಿದ್ದಳು. ಬಂದವರು ಊರು, ಅಕ್ಷಾಂಶ, ರೇಖಾಂಶ, 'ಬಣ್ಣ: ಕಪ್ಪು' ಎಂದಷ್ಟೇ ಬರೆದುಕೊಂಡರು. ಅಮ್ಮನ ಹೆಸರು ಕೇಳಲಿಲ್ಲ. ಒಂದು ಸೇರು ಕಾಳನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು, ಒಂದು ನಂಬರ್ ಅಂಟಿಸಿ ಹೋದರು. ಆ ನಂಬರನ್ನು ನಮಗೆ ಕೊಡಲಿಲ್ಲ. ಅದು ಮೊಳೆಯಿತೇ, ಎಲ್ಲಿ ಬಿತ್ತಿದರು, ನಂಜು ತಡೆಯಿತೇ, ಇವತ್ತಿಗೂ ಒಂದು ಕಾಗದವಿಲ್ಲ. ಮುಂದೊಂದು ವರ್ಷ ಹಿಂಗಾರು ಪೂರ್ತಿ ಕೈಕೊಟ್ಟು ನಮ್ಮ ಗುಡಾಣವೂ ಖಾಲಿಯಾಯಿತು. ನಮ್ಮ ಕರಿಹುರುಳಿ ದೆಹಲಿಯಲ್ಲೋ ಇನ್ನೆಲ್ಲೋ ಇದೆ, ನಮ್ಮ ಹೊಲದಲ್ಲಿಲ್ಲ. ವಾಪಸ್ ಕೇಳಬೇಕೆಂದರೆ ಯಾವ ನಂಬರ್ ಹೇಳಿ ಕೇಳಲಿ?

ಇದು ಕಾನೂನಿನಲ್ಲಿ ಇಲ್ಲದ ಹಕ್ಕೇನೂ ಅಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲೇ ಬಂದಿದೆ. ರೈತರು ಉಳಿಸಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲಿ ನೋಂದಾಯಿಸಬಹುದು, ಅದರಿಂದ ಹೊಸ ತಳಿ ಹುಟ್ಟಿದರೆ ಪಾಲು ಕೇಳಬಹುದು. ಕೊಟ್ಟವರ ಹೆಸರೇ ದಾಖಲೆಯಲ್ಲಿ ಇಲ್ಲದಿದ್ದರೆ ಪಾಲು ಕೇಳುವುದು ಯಾರು?

ಜೀನ್ ಬ್ಯಾಂಕಿನಲ್ಲಿ ಇದ್ದರೆ ಸಾಕು ಎನ್ನುವವರಿಗೆ ಇನ್ನೊಂದು ಮಾತು. ಹುರುಳಿ ನಮ್ಮ ನೆಲದಲ್ಲಿ ನಿನ್ನೆ ಮೊನ್ನೆಯದಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು, ಇಂಥ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾದ ಹುರುಳಿ ಕಾಳು ಸಿಕ್ಕಿದೆ. ಅಂಥ ಹಳೆಯ ಕಾಳುಗಳನ್ನು ಇಂಗ್ಲೆಂಡಿನಲ್ಲಿ ಎಕ್ಸ್-ರೇ ಯಂತ್ರದ ಕೆಳಗಿಟ್ಟು ಸಿಪ್ಪೆಯ ದಪ್ಪ ಅಳೆದವರು 2017ರಲ್ಲಿ ಪ್ರಕಟಿಸಿದ ಪ್ರಕಾರ, ಶತಮಾನಗಳು ಉರುಳಿದಂತೆ ಸಿಪ್ಪೆ ತೆಳುವಾಗುತ್ತ ಬಂದಿದೆ. ಕಾಡಿನ ಹುರುಳಿಗೆ ಸಿಪ್ಪೆ ದಪ್ಪ, ನೀರು ಒಳಗೆ ಹೋಗದೆ ವರ್ಷಗಟ್ಟಲೆ ಮೊಳೆಯದೆ ಕೂರುತ್ತದೆ. ಬಿತ್ತಿದ ತಕ್ಷಣ ಮೊಳೆತ ಕಾಳನ್ನೇ ಮತ್ತೆಮತ್ತೆ ಬಿತ್ತಿ ಅದನ್ನು ಸಾಧು ಮಾಡಿದವರು ನಮ್ಮ ಹಿಂದಿನ ಒಕ್ಕಲಿಗರು. ಆ ಕೆಲಸ ಹೊಲದಲ್ಲಿ ಇನ್ನೂ ನಡೆಯುತ್ತಿದೆ. ಪ್ರತಿ ಬರಗಾಲವೂ ಬದುಕಿದ್ದನ್ನು ಉಳಿಸಿ ಸತ್ತದ್ದನ್ನು ಕಳೆಯುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಮಲಗಿದ ಬೀಜಕ್ಕೆ ಈಗಿನ ಬಿಸಿಲು, ಈಗಿನ ಬಿಳಿನೊಣದ ಪರಿಚಯ ಆಗುವುದಿಲ್ಲ. ಎರಡು ಕಡೆಯೂ ಇರಬೇಕು.

ಬೆಲೆಯ ವಿಚಾರ ಬಿಟ್ಟರೆ ಈ ಪತ್ರಕ್ಕೆ ಅರ್ಥವಿಲ್ಲ. ಕೇಂದ್ರ ಬೆಂಬಲ ಬೆಲೆ ಘೋಷಿಸುವ 22 ಬೆಳೆಗಳಲ್ಲಿ ಬೇಳೆಕಾಳು ಐದು: ತೊಗರಿ, ಹೆಸರು, ಉದ್ದು, ಕಡಲೆ, ಮಸೂರ. ಹುರುಳಿ ಇಲ್ಲ. 2025ರ ಬಜೆಟ್ಟಿನಲ್ಲಿ ಬೇಳೆಕಾಳು ಸ್ವಾವಲಂಬನೆಗೆಂದು ಆರು ವರ್ಷದ ಮಿಷನ್ ಘೋಷಿಸಿದರು, ಅದರ ಗಮನವೂ ತೊಗರಿ, ಉದ್ದು, ಮಸೂರದ ಮೇಲೆ. ಮಸೂರ ಬೆಳೆಯುವವರು ನಮ್ಮ ರಾಜ್ಯದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹುರುಳಿ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ರಾಜ್ಯ ನಮ್ಮದು. ಸಂಖ್ಯಾಬಲ ಇರುವ ಬೆಳೆಗೆ ದನಿಯಿಲ್ಲ. ಉತ್ತರಾಖಂಡದವರು ಹುರುಳಿಯನ್ನು ಗಹತ್ ಎನ್ನುತ್ತಾರೆ, 2023ರಲ್ಲಿ ಅದಕ್ಕೆ ಜಿಐ ಮಾನ್ಯತೆ ಗಿಟ್ಟಿಸಿಕೊಂಡರು. ನಾವು ಹುರುಳಿ ಕಷಾಯ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ ಎಂಬ ವಾಟ್ಸಾಪ್ ಸಂದೇಶ ಕಳಿಸಿಕೊಂಡು ಕೂತಿದ್ದೇವೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಕಬ್ಬಿಣ, ಸುಣ್ಣದ ಅಂಶ ಧಾರಾಳವಾಗಿದೆ. ಹಾಸ್ಟೆಲ್ಲಿಗೂ ಅಂಗನವಾಡಿಗೂ ವಾರಕ್ಕೊಮ್ಮೆ ಮೊಳಕೆ ಹುರುಳಿ ಕೊಡಲು ಯಾವ ಕೇಂದ್ರದ ಅಪ್ಪಣೆ ಬೇಕು? ಕೊಳ್ಳುವವರು ಗಟ್ಟಿಯಿದ್ದರೆ ಬೀಜ ಬೆಳೆಯುವವರೂ ಹುಟ್ಟಿಕೊಳ್ಳುತ್ತಾರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮೊದಲನೆಯದು ಮತ್ತು ಬಿಟ್ಟುಕೊಡಲಾಗದ್ದು: ಹುರುಳಿಗೆಂದೇ ಒಬ್ಬ ತಳಿ ವಿಜ್ಞಾನಿಯ ಕಾಯಂ ಹುದ್ದೆ, ಮಳೆ ಕಡಿಮೆಯ ತಾಲೂಕಿನ ಸಂಶೋಧನಾ ಕೇಂದ್ರದಲ್ಲಿ, ಹತ್ತು ವರ್ಷ ವರ್ಗವಿಲ್ಲದೆ. ಜೊತೆಗೆ ಮೊಗ್ಗು ಬಿಡಿಸಲು ಪಳಗಿದ ಕೈಗಳು. ನಮ್ಮ ಕಡೆ ಹೂ ಕಟ್ಟುವ ಹೆಣ್ಣುಮಕ್ಕಳಿದ್ದಾರೆ, ಅವರಿಗೆ ಕಲಿಸಿದರೆ ಯಾವ ಪದವೀಧರನಿಗೂ ಕಡಿಮೆಯಿಲ್ಲದೆ ಮಾಡುತ್ತಾರೆ. ಹಗಲನ್ನು ಕೃತಕವಾಗಿ ಕಿರಿದು ಮಾಡುವ ಕತ್ತಲೆ ಮನೆ ಒಂದಿದ್ದರೆ ವರ್ಷಕ್ಕೆ ಒಂದೇ ತಲೆಮಾರು ಎಂಬ ಕಟ್ಟಳೆಯೂ ಸಡಿಲವಾಗುತ್ತದೆ. ನಾಡತಳಿಗಳನ್ನು ಹೊಸದಾಗಿ ಸಂಗ್ರಹಿಸಲು ಬಂದಾಗ ಕೊಟ್ಟವರ ಹೆಸರು, ಅವರು ಹೇಳಿದ ಗುಣ, ಎರಡನ್ನೂ ಬರೆದುಕೊಳ್ಳಿ. ಮಾದರಿಯ ನಂಬರನ್ನು ಅವರ ಕೈಗೆ ಕೊಡಿ. ಕೇಳಿದಾಗ ಒಂದು ಹಿಡಿ ಬೀಜ ವಾಪಸ್ ಕೊಡುವ ನಿಯಮ ಮಾಡಿ. ಯಾವ ತಳಿ ಯಾವ ಊರಿನಲ್ಲಿ ಹೇಗೆ ಬಂತು ಎಂಬ ಫಲಿತಾಂಶವನ್ನು ಕನ್ನಡದಲ್ಲಿ ಅಚ್ಚು ಹಾಕಿ ಪಂಚಾಯಿತಿಗೆ ಕಳಿಸಿ. ಕರ್ನಾಟಕ ಕೃಷಿ ಬೆಲೆ ಆಯೋಗದ ಮೂಲಕ ಹುರುಳಿಯನ್ನು ಬೆಂಬಲ ಬೆಲೆಯ ಪಟ್ಟಿಗೆ ಸೇರಿಸಲು ಕೇಂದ್ರಕ್ಕೆ ಬರೆಯಿರಿ. ಬೆಂಬಲ ಬೆಲೆ ಬರುವವರೆಗೆ ಹಾಸ್ಟೆಲ್ ಖರೀದಿಯನ್ನಾದರೂ ಶುರು ಮಾಡಿ.

ಬೀಜದ ದಾಸ್ತಾನಿಗೆ ಸಂಶೋಧನೆಯೂ ಬೇಕಿಲ್ಲ. ಬರದ ಜಿಲ್ಲೆಗಳಲ್ಲಿ ಪ್ರತಿ ವರ್ಷ, ಮಳೆ ಇರಲಿ ಬಿಡಲಿ, ಇಂತಿಷ್ಟು ಎಕರೆಗಾಗುವಷ್ಟು ಹುರುಳಿ ಬೀಜ ಜುಲೈ ಕೊನೆಯೊಳಗೆ ತಾಲೂಕು ಗೋದಾಮಿನಲ್ಲಿ ಇರಬೇಕೆಂದು ಒಂದು ಸುತ್ತೋಲೆ ಸಾಕು. ಮಳೆ ಚೆನ್ನಾಗಿ ಬಂದು ಬೀಜ ಉಳಿದರೆ ನಷ್ಟವಾಗುವುದಿಲ್ಲ, ಉಪಚಾರ ಮಾಡದ ಬೀಜವನ್ನು ಅದೇ ಹಾಸ್ಟೆಲ್ಲಿನ ಸಾರಿಗೆ ಹಾಕಬಹುದು. ಮುಂದಿನ ಹಂಗಾಮಿನ ಬೇಡಿಕೆ ಪಟ್ಟಿ ತಮ್ಮ ಸಹಿಗೆ ಬಂದಾಗ ಹುರುಳಿಯ ಮುಂದಿನ ಅಂಕಣದಲ್ಲಿ ಏನು ಬರೆದಿದೆ ನೋಡಿ. ಈ ಪತ್ರಕ್ಕೆ ಉತ್ತರ ಬರೆಯುವ ಬದಲು ಆ ಅಂಕೆಯನ್ನೇ ಪತ್ರಿಕೆಯಲ್ಲಿ ಪ್ರಕಟಿಸಿದರೂ ನಡೆದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹುರುಳಿ ಬೆಳೆಗಾರ,
ತುಮಕೂರು ಜಿಲ್ಲೆ